ಡೇಟಾಬೇಸ್ ಅಂದ್ರೆ ಏನು ಸಾರ್? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಬಿಸಿಎ, ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಡಿಬಿಎಂಎಸ್ (ಡೇಟಾಬೇಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಹೇಳಿಕೊಡುತ್ತೇನೆ. ಅದಕ್ಕೂ ಮುಂಚೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟು, ಅದರ ರಿಪೇರಿಗೆ ಅಂತ ವರ್ಷಗಟ್ಟಲೆ ಓಡಾಡಿದ್ದೇನೆ. ನಾನು ಪುಸ್ತಕದಲ್ಲಿ ಕಲಿತದ್ದಕ್ಕಿಂತ ಮೆಕ್ಕೆಜೋಳದ ಚೀಲಗಳ ಮಧ್ಯೆ ಕಲಿತದ್ದೇ ಜಾಸ್ತಿ. ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ. ಐದು ಮಾರ್ಕಿನ ವ್ಯಾಖ್ಯೆ ಬೇಕಾದವರಿಗೆ ಗೈಡ್ ಇದ್ದೇ ಇದೆ. ಇಲ್ಲಿರೋದು ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುವ ಪ್ರಶ್ನೆಗಳು.

ಡೇಟಾಬೇಸ್, ಡಿಬಿಎಂಎಸ್ ಎರಡೂ ಒಂದೇನಾ?

ಅಲ್ಲ. ಖಾತೆ ಪುಸ್ತಕ ಬೇರೆ, ಅದನ್ನು ಬರೆಯುವ ಗುಮಾಸ್ತ ಬೇರೆ ಅಲ್ವಾ? ಹಾಗೇ ಇದು. ರೈತರ ಹೆಸರು, ಮಾಲಿನ ತೂಕ, ದರ, ಕೊಟ್ಟ ಮುಂಗಡ, ಇವೆಲ್ಲ ಸೇರಿದ ರಾಶಿ ಡೇಟಾಬೇಸ್. ಅದನ್ನು ಕಾಯುವ, ಕೇಳಿದಾಗ ತೆಗೆದುಕೊಡುವ, ತಪ್ಪು ಬರೆಯಲು ಬಂದರೆ ಕೈ ಹಿಡಿಯುವ ಸಾಫ್ಟ್‌ವೇರ್ ಡಿಬಿಎಂಎಸ್. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಒರಾಕಲ್ ಎಲ್ಲ ಗುಮಾಸ್ತರ ಹೆಸರುಗಳು.

ಒಳ್ಳೆ ಗುಮಾಸ್ತರು ಖಾತೆ ಪುಸ್ತಕವನ್ನು ಯಾರ ಕೈಗೂ ಕೊಡುವುದಿಲ್ಲ. ಸಾಹುಕಾರರೇ ಬಂದರೂ "ಏನು ಬೇಕು ಹೇಳಿ, ನಾನು ನೋಡಿ ಹೇಳ್ತೀನಿ" ಅನ್ನುತ್ತಾರೆ. ಡಿಬಿಎಂಎಸ್ ಕೂಡ ಅಷ್ಟೇ. ಡಿಸ್ಕಿನ ಮೇಲಿರುವ ಫೈಲನ್ನು ನೀವು ನೇರವಾಗಿ ಮುಟ್ಟುವಂತಿಲ್ಲ, ಅದರ ಮೂಲಕವೇ ಕೇಳಬೇಕು.

ಎಕ್ಸೆಲ್ ಇದೆಯಲ್ಲ, ಸಾಲದಾ?

ಎಷ್ಟೋ ಕೆಲಸಕ್ಕೆ ಸಾಕು. ಮಂಡಕ್ಕಿ ಭಟ್ಟಿಯಲ್ಲಿ ದಿನಕ್ಕೆ ಎಷ್ಟು ಚೀಲ ಹೋಯಿತು ಅಂತ ಒಬ್ಬರೇ ಬರೆದುಕೊಳ್ಳುವುದಾದರೆ ಸುಮ್ನೆ ಡೇಟಾಬೇಸ್ ತಂದು ಕೂರಿಸಬೇಡಿ.

ತೊಂದರೆ ಶುರುವಾಗುವುದು ಬರೆಯುವವರು ಇಬ್ಬರಾದಾಗ. ಪೆನ್‌ಡ್ರೈವ್‌ನಲ್ಲಿ ಒಂದು ಕಾಪಿ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಕಾಪಿ, "ಫೈನಲ್", "ಫೈನಲ್ ಹೊಸದು", "ಫೈನಲ್ ಹೊಸದು 2". ಯಾವುದು ಸರಿ ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್ನು ಎಕ್ಸೆಲ್ ಯಾರಿಗೂ ಬೇಡ ಅನ್ನುವುದಿಲ್ಲ. ತೂಕದ ಕಾಲಂನಲ್ಲಿ "ನಾಳೆ ಹೇಳ್ತೀನಿ ಅಂದ್ರು" ಅಂತ ಬರೆದರೂ ತೆಪ್ಪಗೆ ಇಟ್ಟುಕೊಳ್ಳುತ್ತದೆ.

ಜಾಗದ ಮಿತಿಯೂ ಇದೆ. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಹಿಡಿಸುತ್ತವೆ, ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಮಾತ್ರ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಲೆಕ್ಕದಿಂದಲೇ ಬಿಟ್ಟುಹೋದವು. ಹಳೆಯ ನಮೂನೆಯ ಫೈಲು ತುಂಬಿಹೋಗಿ, ಹೆಚ್ಚಾದ ಸಾಲುಗಳು ಸದ್ದಿಲ್ಲದೆ ಕತ್ತರಿಸಿಹೋಗಿದ್ದವು. ಹಿಡಿಸದಿದ್ದರೆ "ಹಿಡಿಸ್ತಿಲ್ಲ" ಅಂತ ಕೂಗಾದರೂ ಹಾಕಬೇಕು. ಒಳ್ಳೆ ಡಿಬಿಎಂಎಸ್ ಕೂಗುತ್ತದೆ.

ಇದನ್ನೆಲ್ಲ ಶುರು ಮಾಡಿದ್ದು ಯಾರು?

1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚಾರ್ಲ್ಸ್ ಬ್ಯಾಕ್‌ಮನ್ ಐಡಿಎಸ್ ಅನ್ನುವುದನ್ನು ಕಟ್ಟಿದರು. ಮೊದಲ ಡಿಬಿಎಂಎಸ್‌ಗಳಲ್ಲಿ ಅದೂ ಒಂದು. ಅದೇ ದಶಕದಲ್ಲಿ ಐಬಿಎಂನವರು ಚಂದ್ರಯಾನದ ಅಪೋಲೊ ಕೆಲಸಕ್ಕೆ, ರಾಕೆಟ್ಟಿನ ಬಿಡಿಭಾಗಗಳ ಲೆಕ್ಕ ಇಡಲು, ಐಎಂಎಸ್ ಮಾಡಿದರು. ಅಲ್ಲಿ ಡೇಟಾ ಮರದ ಕೊಂಬೆಗಳ ಹಾಗೆ ಕೂತಿರುತ್ತಿತ್ತು. ಯಾವ ಕೊಂಬೆ ಹಿಡಿದು ಎಲ್ಲಿ ಇಳಿಯಬೇಕು ಅನ್ನುವುದನ್ನು ಪ್ರೋಗ್ರಾಂ ಬರೆಯುವವನೇ ಹೇಳಬೇಕಿತ್ತು. ಕೊಂಬೆ ಬದಲಾದರೆ ಪ್ರೋಗ್ರಾಮನ್ನೂ ಮತ್ತೆ ಬರೆಯಬೇಕು.

1970ರಲ್ಲಿ ಐಬಿಎಂನವರೇ ಆದ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದು ಆಟ ಬದಲಿಸಿದರು. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿ ಇಡಿ, ಏನು ಬೇಕು ಅಂತ ಮಾತ್ರ ಕೇಳಿ, ಎಲ್ಲಿದೆ ಹೇಗೆ ತರಬೇಕು ಅನ್ನುವ ಚಿಂತೆ ಯಂತ್ರಕ್ಕೆ ಬಿಡಿ ಅನ್ನುವುದು ಅವರ ವಾದ. ಇದೇ ರಿಲೇಶನಲ್ ಮಾಡೆಲ್. ಸ್ವಂತ ಕಂಪನಿ ಐಎಂಎಸ್ ಮಾರಾಟದಲ್ಲಿ ಸುಖವಾಗಿತ್ತು, ಈ ವಿಚಾರಕ್ಕೆ ಅವಸರ ಮಾಡಲಿಲ್ಲ. 1979ರಲ್ಲಿ ಈ ಬಗೆಯ ಸಾಫ್ಟ್‌ವೇರನ್ನು ಮಾರುಕಟ್ಟೆಗೆ ಬಿಟ್ಟು ದುಡ್ಡು ಮಾಡಿಕೊಂಡದ್ದು ಆಗಿನ್ನೂ ಚಿಕ್ಕದಾಗಿದ್ದ ಒರಾಕಲ್ ಕಂಪನಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಅಮೆರಿಕದಲ್ಲೂ ಇದೆ ನೋಡಿ. ಬ್ಯಾಕ್‌ಮನ್‌ಗೆ 1973ರಲ್ಲಿ, ಕಾಡ್‌ಗೆ 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ಟೇಬಲ್, ರೋ, ಕಾಲಂ?

ಟೇಬಲ್ ಅಂದ್ರೆ ಒಂದು ಬಗೆಯ ವಸ್ತುವಿನ ಪಟ್ಟಿ, ಉದಾಹರಣೆಗೆ ರೈತರ ಪಟ್ಟಿ. ರೋ ಅಂದ್ರೆ ಒಬ್ಬ ರೈತ. ಕಾಲಂ ಅಂದ್ರೆ ಅವರ ಬಗ್ಗೆ ನಮಗೆ ಬೇಕಾದ ಒಂದೊಂದು ಸಂಗತಿ. ಪ್ರತಿ ಕಾಲಂಗೂ ಒಂದು ಜಾತಿ ಇರುತ್ತದೆ: ಅಂಕಿ, ಅಕ್ಷರ, ದಿನಾಂಕ. ದಿನಾಂಕದ ಕಡೆ "ಮೊನ್ನೆ" ಅಂತ ಬರೆದರೆ ಒಳಗೆ ಬಿಡುವುದಿಲ್ಲ. ಇಷ್ಟೇ, ಮುಂದೆ ಹೋಗೋಣ.

ಪ್ರೈಮರಿ ಕೀ ಯಾಕೆ ಬೇಕು? ಮೊಬೈಲ್ ನಂಬರ್ ಇಟ್ಟರೆ ಆಗಲ್ವಾ?

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಅಂಗಡಿಯ ಹಳೆ ಪುಸ್ತಕದಲ್ಲಿ ಒಂದೇ ಊರಿನ ನಾಲ್ಕು ಜನ ಬಸವರಾಜಪ್ಪ ಇದ್ದರು. ಗುಮಾಸ್ತರು ಅವರನ್ನು "ಗಿಡ್ಡ ಬಸವರಾಜಪ್ಪ", "ಟ್ರ್ಯಾಕ್ಟರ್ ಬಸವರಾಜಪ್ಪ" ಅಂತ ಗುರುತಿಟ್ಟುಕೊಂಡಿದ್ದರು. ಟ್ರ್ಯಾಕ್ಟರ್ ಮಾರಿದ ಮೇಲೂ ಹೆಸರು ಹಾಗೇ ಉಳಿಯಿತು. ಮನುಷ್ಯರಿಗೆ ಇದು ನಡೆಯುತ್ತದೆ, ಕಂಪ್ಯೂಟರಿಗೆ ನಡೆಯುವುದಿಲ್ಲ. ಅದಕ್ಕೆ ಪ್ರತಿ ಸಾಲಿಗೂ ಇನ್ನೊಂದಕ್ಕೆ ಇಲ್ಲದ, ಖಾಲಿ ಬಿಡದ, ಬದಲಾಗದ ಒಂದು ಗುರುತು ಬೇಕು. ಅದೇ ಪ್ರೈಮರಿ ಕೀ.

ಮೊಬೈಲ್ ನಂಬರ್ ಯಾಕೆ ಬೇಡ? ಅಪ್ಪನದೂ ಮಗನದೂ ಒಂದೇ ನಂಬರ್ ಇರುತ್ತದೆ. ಸಿಮ್ ಬದಲಾಗುತ್ತದೆ. ಬಂದ್ ಆದ ನಂಬರನ್ನು ಕಂಪನಿಯವರು ಕೆಲವು ತಿಂಗಳಾದ ಮೇಲೆ ಬೇರೆಯವರಿಗೆ ಕೊಡುತ್ತಾರೆ. ಆಧಾರ್? ಅದು ಒಬ್ಬರಿಗೆ ಒಂದೇ, ನಿಜ. ಆದರೆ ಅಷ್ಟು ಖಾಸಗಿ ನಂಬರನ್ನು ಕೀ ಮಾಡಿದರೆ ಅದು ಹತ್ತು ಟೇಬಲ್ಲಿಗೆ, ನೂರು ಪ್ರಿಂಟಿಗೆ ಹರಡುತ್ತದೆ. ಬೇಡ. ಡಿಬಿಎಂಎಸ್ ತಾನೇ ಹಾಕಿಕೊಡುವ 1, 2, 3 ನಂಬರೇ ವಾಸಿ. ಅದಕ್ಕೆ ಅರ್ಥವಿಲ್ಲ, ಅದಕ್ಕೇ ಅದು ಬದಲಾಗಬೇಕಾದ ಪ್ರಮೇಯವೂ ಬರುವುದಿಲ್ಲ.

ಕೆಲವು ಸಲ ಒಂದು ಕಾಲಂ ಸಾಲುವುದಿಲ್ಲ. ಪಹಣಿ ನೋಡಿ. ಸರ್ವೆ ನಂಬರ್ 45 ಆನಗೋಡಿನಲ್ಲೂ ಇರುತ್ತದೆ, ಮಾಯಕೊಂಡದಲ್ಲೂ ಇರುತ್ತದೆ. ಅದಕ್ಕೇ "ಭೂಮಿ"ಯಲ್ಲಿ ಪಹಣಿ ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಅಂತ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಎಲ್ಲ ಸೇರಿದಾಗ ಮಾತ್ರ ಒಂದು ಹೊಲ ಸಿಗುತ್ತದೆ. ಇದು ಕಾಂಪೊಸಿಟ್ ಕೀ. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಪುಸ್ತಕದ ಸ್ಟೂಡೆಂಟ್–ಕೋರ್ಸ್ ಬಿಟ್ಟು ಇದನ್ನೇ ಬರೆಯಿರಿ. ಮನೆಯಲ್ಲಿ ಪಹಣಿ ಇದ್ದವರಿಗೆ ಜನ್ಮದಲ್ಲಿ ಮರೆಯುವುದಿಲ್ಲ.

ಫಾರಿನ್ ಕೀ ಅಂದ್ರೆ?

ಒಂದು ಟೇಬಲ್ಲಿನ ಕೀ ಇನ್ನೊಂದು ಟೇಬಲ್ಲಿನಲ್ಲಿ ಬಂದು ಕೂತರೆ ಫಾರಿನ್ ಕೀ. ಮಾಲಿನ ಟೇಬಲ್ಲಿನಲ್ಲಿ "ರೈತ ನಂಬರ್ 112" ಅಂತಿದ್ದರೆ, ರೈತರ ಟೇಬಲ್ಲಿನಲ್ಲಿ 112 ಇರಲೇಬೇಕು. ಇಲ್ಲದ ರೈತನ ಹೆಸರಿಗೆ ಚೀಲ ಇಳಿಸಲು ಬಿಡುವುದಿಲ್ಲ. ಮಾಲು ಬಾಕಿ ಇರುವ ರೈತನನ್ನು ಅಳಿಸಲೂ ಬಿಡುವುದಿಲ್ಲ. ಕಿರಿಕಿರಿ ಅನಿಸುತ್ತದೆ, ಆದರೆ ಆಫ್ ಮಾಡಬೇಡಿ.

ನಾರ್ಮಲೈಸೇಶನ್ ತಲೆಗೆ ಹತ್ತುತ್ತಿಲ್ಲ. ಸುಲಭವಾಗಿ ಹೇಳ್ತೀರಾ?

ಒಂದು ಸಂಗತಿಯನ್ನು ಒಂದೇ ಕಡೆ ಬರೆಯಿರಿ. ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದೇ. ಉಳಿದದ್ದು ಹರಪನಹಳ್ಳಿ ಹೇಳಿಕೊಡುತ್ತದೆ.

ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಇತ್ತ ಬಂತು. ಮುಂದೆ 371ಜೆ ವಿಶೇಷ ಸ್ಥಾನದ ಸಲುವಾಗಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಊರು ಕೂತಲ್ಲೇ ಕೂತಿತ್ತು, ವಿಳಾಸ ಮಾತ್ರ ಓಡಾಡಿತು.

ಈಗ ನಿಮ್ಮ ರೈತರ ಟೇಬಲ್ಲಿನಲ್ಲಿ ಹೆಸರು, ಊರು, ತಾಲ್ಲೂಕು, ಜಿಲ್ಲೆ ಅಂತ ನಾಲ್ಕು ಕಾಲಂ ಇವೆ ಅನ್ನಿ. ಹರಪನಹಳ್ಳಿ ತಾಲ್ಲೂಕಿನ 600 ರೈತರಿದ್ದರೆ 600 ಸಲ "ದಾವಣಗೆರೆ" ಅಂತ ಬರೆದಿರುತ್ತೀರಿ. ಜಿಲ್ಲೆ ಬದಲಾದ ದಿನ 600 ಸಾಲನ್ನೂ ತಿದ್ದಬೇಕು. 20 ಸಾಲು ಬಿಟ್ಟುಹೋದರೆ ಒಂದೇ ತಾಲ್ಲೂಕು ಎರಡು ಜಿಲ್ಲೆಯಲ್ಲಿದೆ ಅಂತ ಡೇಟಾಬೇಸ್ ಸಾಕ್ಷಿ ಹೇಳುತ್ತದೆ. ಇದಕ್ಕೆ ಅಪ್‌ಡೇಟ್ ಅನಾಮಲಿ ಅನ್ನುತ್ತಾರೆ. ಜಿಲ್ಲೆ ಅನ್ನುವುದು ರೈತನ ಗುಣ ಅಲ್ಲವೇ ಅಲ್ಲ, ತಾಲ್ಲೂಕಿನ ಗುಣ. ಹಾಗಾದರೆ ತಾಲ್ಲೂಕುಗಳಿಗೆ ಬೇರೆ ಟೇಬಲ್ ಮಾಡಿ, ಜಿಲ್ಲೆಯನ್ನು ಅಲ್ಲಿಡಿ. ರೈತನ ಹತ್ತಿರ ಊರಿನ ನಂಬರ್ ಇರಲಿ, ಊರಿನ ಹತ್ತಿರ ತಾಲ್ಲೂಕಿನ ನಂಬರ್ ಇರಲಿ. ಮುಂದಿನ ಸಲ ಸರ್ಕಾರ ಜಿಲ್ಲೆ ಬದಲಿಸಿದರೆ ನೀವು ತಿದ್ದಬೇಕಾದ್ದು ಒಂದೇ ಸಾಲು. ಪುಸ್ತಕದಲ್ಲಿ ಇದು ಥರ್ಡ್ ನಾರ್ಮಲ್ ಫಾರ್ಮ್. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದಾಗ ಏನು ಮಾಡಬೇಕು ಅಂತ ನೀವೇ ಹಾಕಿ ನೋಡಿ. ಅದು ಸ್ವಲ್ಪ ಜಾಸ್ತಿ ಕೆಲಸ, ಅಲ್ಲಿ ಊರುಗಳೇ ಸಾಲು ಬದಲಿಸಬೇಕು.

ಫಸ್ಟ್ ನಾರ್ಮಲ್ ಫಾರ್ಮ್ ಇನ್ನೂ ಸುಲಭ. ಒಂದೇ ಕೋಣೆಯಲ್ಲಿ ಕಾಮಾ ಹಾಕಿ ಮೂರು ಫೋನ್ ನಂಬರ್ ತುರುಕಬೇಡಿ, ಅಷ್ಟೇ. ಸೆಕೆಂಡ್ ಕಾಣಿಸಿಕೊಳ್ಳುವುದು ಕಾಂಪೊಸಿಟ್ ಕೀ ಇದ್ದಾಗ: ಕೀಯ ಅರ್ಧಕ್ಕೆ ಮಾತ್ರ ಸೇರಿದ ಸಂಗತಿಯನ್ನು ಇಡೀ ಕೀಯ ಜೊತೆ ಕಟ್ಟಿಹಾಕಬೇಡಿ.

ಒಂದು ಎಚ್ಚರಿಕೆ. "ಒಂದೇ ಕಡೆ" ಅನ್ನುವ ಹುಮ್ಮಸ್ಸಿನಲ್ಲಿ ಒಬ್ಬ ಹುಡುಗ ದರವನ್ನೂ ಮಾಲಿನ ಹೆಸರಿನ ಟೇಬಲ್ಲಿನಲ್ಲೇ ಇಟ್ಟ. ಇವತ್ತಿನ ಮೆಕ್ಕೆಜೋಳದ ದರ ಬದಲಿಸಿದ ತಕ್ಷಣ ಹೋದ ವರ್ಷದ ಬಿಲ್ಲುಗಳ ಮೊತ್ತವೂ ಬದಲಾಯಿತು! ಇವತ್ತಿನ ದರ ಒಂದು ಸಂಗತಿ, ಆ ದಿನ ಆ ಚೀಲಕ್ಕೆ ಕೊಟ್ಟ ದರ ಬೇರೆಯದೇ ಸಂಗತಿ. ಎರಡಕ್ಕೂ ಜಾಗ ಬೇಕು.

ಎಸ್‌ಕ್ಯುಎಲ್ ಕಷ್ಟಾನಾ?

ಡೇಟಾಬೇಸನ್ನು ಮಾತಾಡಿಸುವ ಭಾಷೆ ಇದು, ಪ್ರೋಗ್ರಾಮಿಂಗ್ ಬರದವರೂ ಕಲಿಯಬಹುದು. ಸೆಲೆಕ್ಟ್ ಅಂದ್ರೆ ಏನೇನು ಬೇಕು, ಫ್ರಮ್ ಅಂದ್ರೆ ಯಾವ ಟೇಬಲ್ಲಿಂದ, ವೇರ್ ಅಂದ್ರೆ ಯಾವ ಷರತ್ತಿಗೆ. "ಸೆಲೆಕ್ಟ್ ಹೆಸರು, ಫ್ರಮ್ ರೈತರು, ವೇರ್ ಊರು = ಲೋಕಿಕೆರೆ". ಲೋಕಿಕೆರೆಯ ರೈತರ ಹೆಸರು ಸಾಲಾಗಿ ಬಂದು ನಿಲ್ಲುತ್ತವೆ. ಇನ್ಸರ್ಟ್ ಸೇರಿಸಲು, ಅಪ್‌ಡೇಟ್ ತಿದ್ದಲು, ಡಿಲೀಟ್ ಅಳಿಸಲು. ಈ ನಾಲ್ಕರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ.

ಇದನ್ನು 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಮಾಡಿದರು. ಆಗ ಇಟ್ಟ ಹೆಸರು ಸೀಕ್ವೆಲ್. ಆ ಹೆಸರಿನ ಟ್ರೇಡ್‌ಮಾರ್ಕ್ ಬೇರೊಂದು ಕಂಪನಿಯ ಹತ್ತಿರ ಇತ್ತು ಅಂತ ಎಸ್‌ಕ್ಯುಎಲ್ ಅಂತ ಮೊಟಕು ಮಾಡಿದರು. ಹಾಗಾಗಿ "ಸೀಕ್ವೆಲ್" ಅನ್ನುವವರನ್ನು ತಿದ್ದಲು ಹೋಗಬೇಡಿ, ಅವರು ಹಳೆಯ ಹೆಸರಿನಲ್ಲಿ ಕರೆಯುತ್ತಿದ್ದಾರೆ ಅಷ್ಟೇ.

ಅಪ್‌ಡೇಟ್ ಮಾಡುವಾಗ ವೇರ್ ಮರೆತರೆ ಏನಾಗುತ್ತದೆ?

ನನಗೇ ಆಗಿದೆ, ಅದನ್ನೇ ಹೇಳುತ್ತೇನೆ.

ಒಂದು ಮಧ್ಯಾಹ್ನ, ಸೀಸನ್ ಜೋರಾಗಿದ್ದ ಹೊತ್ತು. ಮಾಯಕೊಂಡ ಕಡೆಯ ರೈತರೊಬ್ಬರು ಬಂದು "ನಂಬರ್ ಚೇಂಜ್ ಆಗೈತ್ರಿ, ಹೊಸದು ಬರ್ಕೊಳ್ರಿ" ಅಂದರು. ಗುಮಾಸ್ತರು ಊಟಕ್ಕೆ ಹೋಗಿದ್ದರು. ನಾನೇ ಕೂತು ಅಪ್‌ಡೇಟ್ ರೈತರು, ಸೆಟ್ ಫೋನ್, ಹೊಸ ನಂಬರ್ ಅಂತ ಹೊಡೆದೆ. ಅಷ್ಟರಲ್ಲಿ ಹಮಾಲರೊಬ್ಬರು ತೂಕದ ಚೀಟಿ ಹಿಡಿದು ಏನೋ ಕೇಳಿದರು. ಅವರಿಗೆ ಉತ್ತರ ಕೊಡುತ್ತಲೇ ಎಂಟರ್ ಒತ್ತಿದೆ. ಪರದೆ ಮೇಲೆ ಬಂತು: ಮೂರು ಸಾವಿರ ಚಿಲ್ಲರೆ ಸಾಲು ಬದಲಾಗಿವೆ. ಬದಲಾಗಬೇಕಿದ್ದದ್ದು ಒಂದು.

ಎದೆ ಧಸಕ್ ಅಂತು. ಆದರೂ ಸಾಹುಕಾರರಿಗೆ ಹೇಳಲು ಧೈರ್ಯ ಬರಲಿಲ್ಲ, ರಾತ್ರಿ ಸರಿ ಮಾಡಿದರಾಯಿತು ಅಂದುಕೊಂಡೆ. ಸಂಜೆ ಹಣ ಪಾವತಿಯ ಮೆಸೇಜ್ ತಾನಾಗಿ ಹೋಗುತ್ತದೆ ಅನ್ನುವುದು ಮರೆತೇ ಹೋಗಿತ್ತು. ಅಷ್ಟೂ ಮೆಸೇಜ್ ಒಬ್ಬರದೇ ಫೋನಿಗೆ. ಆರೂವರೆಗೆ ಅವರ ಕರೆ ಬಂತು: "ಏನ್ರೀ ಇದು, ಯಾರ್ಡಿನ ರೊಕ್ಕೆಲ್ಲ ನನಗೇ ಬಂದಂಗೆ ತೋರಿಸ್ತೈತಿ?"

ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದರಿಂದ ಬಚಾವಾದೆ. ಅದರಿಂದ ಫೋನ್ ಕಾಲಂ ಮಾತ್ರ ವಾಪಸ್ ತಂದೆ. ಅವತ್ತೇ ಸೇರಿಸಿದ ಹನ್ನೊಂದು ರೈತರ ನಂಬರನ್ನು ಕಾಗದದ ಚೀಟಿಗಳಿಂದ ಹುಡುಕಿ ಹಾಕಿದೆ.

ಆಮೇಲಿಂದ ನನ್ನ ಅಭ್ಯಾಸ ಇದು. ಮೊದಲು ಅದೇ ವೇರ್ ಹಾಕಿ ಸೆಲೆಕ್ಟ್ ಓಡಿಸುತ್ತೇನೆ, ಒಂದೇ ಸಾಲು ಬಂತಾ ನೋಡುತ್ತೇನೆ. ಆಮೇಲೆ ಸ್ಟಾರ್ಟ್ ಟ್ರಾನ್ಸಾಕ್ಷನ್, ಅಪ್‌ಡೇಟ್, ಎಷ್ಟು ಸಾಲು ಬದಲಾಯಿತು ಅಂತ ಮತ್ತೆ ನೋಡು. ಸರಿ ಇದ್ದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್. ಮೈಎಸ್‌ಕ್ಯುಎಲ್‌ನಲ್ಲಿ ನೀವು ಟ್ರಾನ್ಸಾಕ್ಷನ್ ಶುರು ಮಾಡದಿದ್ದರೆ ಪ್ರತಿ ಆಜ್ಞೆಯೂ ತಾನಾಗಿ ಕಮಿಟ್ ಆಗುತ್ತದೆ. ಆಮೇಲೆ ರೋಲ್‌ಬ್ಯಾಕ್ ಅಂತ ಎಷ್ಟು ಕೂಗಿದರೂ ಅದಕ್ಕೆ ಕೇಳಿಸುವುದಿಲ್ಲ.

ಟ್ರಾನ್ಸಾಕ್ಷನ್, ಆಸಿಡ್ ಅಂದ್ರೆ ಏನು?

ಸಾಹುಕಾರರ ಖಾತೆಯಿಂದ 50,000 ಕಳೆಯಬೇಕು, ರೈತರ ಖಾತೆಗೆ 50,000 ಕೂಡಬೇಕು. ಎರಡು ಬರಹ. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ಜಗಳ ಗ್ಯಾರಂಟಿ. ಎರಡನ್ನೂ ಸೇರಿಸಿ ಒಂದು ಗಂಟು ಕಟ್ಟಿದರೆ ಅದು ಟ್ರಾನ್ಸಾಕ್ಷನ್. ಆಗುವುದಾದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಟ್ರಾನ್ಸಾಕ್ಷನ್ನಿನ ನಾಲ್ಕು ಗುಣಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ ಹೆಸರು ಆಸಿಡ್. ಅದರಲ್ಲಿ ಮೊದಲನೆಯದು, ಅಟಾಮಿಸಿಟಿ, ಇದೇ. ಕನ್ಸಿಸ್ಟೆನ್ಸಿ ಅಂದ್ರೆ ಹಾಕಿದ ನಿಯಮ ಮುರಿಯಬಾರದು. ಐಸೊಲೇಶನ್ ಅಂದ್ರೆ ಒಬ್ಬರ ಅರ್ಧಂಬರ್ಧ ಕೆಲಸ ಇನ್ನೊಬ್ಬರಿಗೆ ಕಾಣಬಾರದು. ಡ್ಯುರಬಿಲಿಟಿ ಅಂದ್ರೆ "ಆಯ್ತು" ಅಂದ ಮೇಲೆ ಆಗಿಯೇ ಇರಬೇಕು. ಈ ವಿಚಾರಗಳನ್ನು ಗಟ್ಟಿ ಮಾಡಿದವರಲ್ಲಿ ಜಿಮ್ ಗ್ರೇ ದೊಡ್ಡ ಹೆಸರು, 1998ರ ಟ್ಯೂರಿಂಗ್ ಪ್ರಶಸ್ತಿ ಅವರದು. ಆಸಿಡ್ ಅನ್ನುವ ಪದ ಕೊಟ್ಟದ್ದು ಹೆರ್ಡರ್ ಮತ್ತು ರಾಯ್ಟರ್, 1983ರಲ್ಲಿ.

"ಮೆಣಸಿನಕಾಯಿ ಮಂಡಕ್ಕಿ ಅಂಗಡಿಯಲ್ಲಿ ಫೋನಲ್ಲಿ ಪೇ ಮಾಡಿದೆ, ದುಡ್ಡು ಕಟ್ ಆಯ್ತು, ಅವರಿಗೆ ಹೋಗಲಿಲ್ಲ, ಇದ್ಯಾವ ಅಟಾಮಿಸಿಟಿ?" ಅಂತ ಪ್ರತಿ ವರ್ಷ ಒಬ್ಬರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಅಲ್ಲಿ ಇರೋದು ಒಂದು ಡೇಟಾಬೇಸ್ ಅಲ್ಲ. ನಿಮ್ಮ ಬ್ಯಾಂಕಿನದು ಬೇರೆ, ಅವರ ಬ್ಯಾಂಕಿನದು ಬೇರೆ, ಮಧ್ಯೆ ನೆಟ್‌ವರ್ಕ್. ಮಧ್ಯದಲ್ಲಿ ತಂತಿ ಕಡಿದರೆ ಆಮೇಲೆ ತಾಳೆ ನೋಡಿ ವಾಪಸ್ ಹಾಕುತ್ತಾರೆ. ಒಂದೇ ಡೇಟಾಬೇಸಿನ ಒಳಗೆ ಸಿಗುವ ಭರವಸೆಯನ್ನು ನಾಲ್ಕು ಸಂಸ್ಥೆಗಳ ನಡುವೆ ತರುವುದು ಬಹಳ ಕಷ್ಟದ ಕೆಲಸ.

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ?

ನಮ್ಮ ಊರಿಗೆ ತಕ್ಕ ಪ್ರಶ್ನೆ! ಉತ್ತರ ಖಿರ್ದಿ, ಖತಾವಣಿಯಲ್ಲಿದೆ.

ಹಳೆ ಗುಮಾಸ್ತರು ಏನೇ ವ್ಯವಹಾರ ಆದರೂ ಮೊದಲು ಖಿರ್ದಿಯಲ್ಲಿ ಬರೆಯುತ್ತಿದ್ದರು, ಆದ ಹಾಗೆ, ಒಂದರ ಕೆಳಗೆ ಒಂದು. ಸಂಜೆ ಪುರುಸೊತ್ತಿನಲ್ಲಿ ಅದನ್ನು ಖತಾವಣಿಗೆ, ಅವರವರ ಖಾತೆಯ ಪುಟಕ್ಕೆ, ಏರಿಸುತ್ತಿದ್ದರು. ಖತಾವಣಿ ಮೇಲೆ ಟೀ ಚೆಲ್ಲಿದರೂ ಖಿರ್ದಿ ಇದ್ದರೆ ಮತ್ತೆ ಬರೆದುಕೊಳ್ಳಬಹುದಿತ್ತು. ಡಿಬಿಎಂಎಸ್ ಮಾಡುವುದೂ ಇದನ್ನೇ. ಮೊದಲು ಲಾಗ್ ಅನ್ನುವ ಖಿರ್ದಿಗೆ ಬರೆದು, ಅದು ಡಿಸ್ಕಿನ ಮೇಲೆ ಕೂತಿತು ಅಂತ ಖಾತ್ರಿ ಆದ ಮೇಲೆ ನಿಮಗೆ "ಆಯ್ತು" ಅನ್ನುತ್ತದೆ. ಅಸಲಿ ಟೇಬಲ್ಲಿಗೆ ನಿಧಾನವಾಗಿ ಏರಿಸುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಖಿರ್ದಿ ತೆಗೆದು ಓದುತ್ತದೆ. ಮುಗಿದದ್ದು ಏರದೆ ಉಳಿದಿದ್ದರೆ ಏರಿಸುತ್ತದೆ, ಅರ್ಧಕ್ಕೆ ನಿಂತದ್ದನ್ನು ಇಲ್ಲವೆನಿಸುತ್ತದೆ. ಇದಕ್ಕೆ ರೈಟ್ ಅಹೆಡ್ ಲಾಗಿಂಗ್ ಅಂತ ಹೆಸರು. ಮೊದಲ ಸಲ ಓದಿದಾಗ ನನಗೆ ನಗು ಬಂತು. ನಮ್ಮ ಗುಮಾಸ್ತರಿಗೆ ಇದು ಯಾವ ಪದವಿಯೂ ಇಲ್ಲದೆ ಗೊತ್ತಿತ್ತು.

ಇಬ್ಬರು ಒಂದೇ ಸೀಟು ಬುಕ್ ಮಾಡಿದರೆ?

ಭಾನುವಾರ ರಾತ್ರಿಯ ಬೆಂಗಳೂರು ಬಸ್ಸು, ಉಳಿದಿರುವುದು ಒಂದೇ ಸೀಟು, ಇಬ್ಬರೂ ಒಂದೇ ಕ್ಷಣಕ್ಕೆ ಒತ್ತುತ್ತಾರೆ. ಇಬ್ಬರಿಗೂ "ಖಾಲಿ ಇದೆ" ಅಂತಲೇ ಕಾಣುತ್ತಿರುತ್ತದೆ. ಡಿಬಿಎಂಎಸ್ ಆ ಸಾಲಿಗೆ ಬೀಗ ಹಾಕಿ ಒಬ್ಬರನ್ನು ಮೊದಲು ಒಳಗೆ ಬಿಡುತ್ತದೆ. ಎರಡನೆಯವರು ಒಳಗೆ ಬರುವಷ್ಟರಲ್ಲಿ ಸೀಟು ಹೋಗಿರುತ್ತದೆ. ಟವೆಲ್ ಹಾಕಿ ಸೀಟು ಹಿಡಿಯುವುದಕ್ಕೆ ಇದರ ಮುಂದೆ ಬೆಲೆಯಿಲ್ಲ.

ನಾನು ನಿಮ್ಮ ಸಾಲಿನ ಬೀಗಕ್ಕೆ ಕಾಯುತ್ತಾ, ನೀವು ನನ್ನ ಸಾಲಿನ ಬೀಗಕ್ಕೆ ಕಾಯುತ್ತಾ ಕೂತರೆ ಡೆಡ್‌ಲಾಕ್. ಕಿರಿದಾದ ಗಲ್ಲಿಯಲ್ಲಿ ಎದುರಾದ ಎರಡು ಆಟೋ ಹಾಗೆ. ಡಿಬಿಎಂಎಸ್ ಅದನ್ನು ಗುರುತಿಸಿ ಒಂದನ್ನು ಹಿಂದಕ್ಕೆ ಕಳಿಸುತ್ತದೆ, ಆಟೋದವರ ಹಾಗೆ ವಾದ ಮಾಡುವುದಿಲ್ಲ.

ಇಂಡೆಕ್ಸ್ ಹಾಕಿದರೆ ನಿಜವಾಗಲೂ ಫಾಸ್ಟ್ ಆಗುತ್ತಾ?

ಹೌದು. ಹಳೆ ಲೆಡ್ಜರ್ ಪುಸ್ತಕದ ಅಂಚಿನಲ್ಲಿ ಅ, ಆ, ಇ ಅಂತ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಪುಟಗಳಿರುತ್ತಿದ್ದವು ನೋಡಿ, ಅದೇ ಇಂಡೆಕ್ಸ್. ಇಲ್ಲದಿದ್ದರೆ ಮೊದಲ ಪುಟದಿಂದ ತಿರುವುತ್ತಾ ಹೋಗಬೇಕು.

ಹೆಚ್ಚಿನ ಡಿಬಿಎಂಎಸ್ ಬಳಸುವುದು ಬಿ-ಟ್ರೀ ಬಗೆಯ ಇಂಡೆಕ್ಸ್. ಬೇಯರ್ ಮತ್ತು ಮೆಕ್‌ಕ್ರೈಟ್ ಇದನ್ನು ಕಂಡುಹಿಡಿದಾಗ ವಿಮಾನ ಮಾಡುವ ಬೋಯಿಂಗ್ ಕಂಪನಿಯಲ್ಲಿದ್ದರು. ಲೆಕ್ಕ ಹಾಕಿ ನೋಡಿ. ಒಂದು ಪುಟದಲ್ಲಿ 200 ಗುರುತು ಹಿಡಿಸುತ್ತವೆ ಅನ್ನಿ, ಪ್ರತಿ ಗುರುತೂ ಕೆಳಗಿನ ಒಂದು ಪುಟ ತೋರಿಸುತ್ತದೆ. ಎರಡು ಮೆಟ್ಟಿಲಿಗೆ 40,000, ಮೂರು ಮೆಟ್ಟಿಲಿಗೆ 80 ಲಕ್ಷ. ಅಂದ್ರೆ 80 ಲಕ್ಷ ಸಾಲಿನಲ್ಲಿ ನಿಮ್ಮ ರೈತ ಎಲ್ಲಿದ್ದಾನೆ ಅಂತ ತಿಳಿಯಲು ಮೂರು ಪುಟ ತೆರೆದರೆ ಸಾಕು.

ಹಾಗಂತ ಎಲ್ಲ ಕಾಲಂಗೂ ಹಾಕಬೇಡಿ. ಪ್ರತಿ ಹೊಸ ಸಾಲಿಗೂ ಪ್ರತಿ ಇಂಡೆಕ್ಸನ್ನೂ ತಿದ್ದಬೇಕು, ಬರೆಯುವುದು ನಿಧಾನ ಆಗುತ್ತದೆ. ಇನ್ನೊಂದು: "ಬಸ" ಅಂತ ಶುರುವಾಗುವ ಹೆಸರು ಹುಡುಕಲು ಇಂಡೆಕ್ಸ್ ನೆರವಾಗುತ್ತದೆ. "ಪ್ಪ" ಅಂತ ಮುಗಿಯುವ ಹೆಸರು ಅಂದರೆ ಕೈಚೆಲ್ಲುತ್ತದೆ, ಯಾಕೆಂದರೆ ಜೋಡಿಸಿರುವುದು ಮೊದಲ ಅಕ್ಷರದಿಂದ. ನಮ್ಮ ಕಡೆ ಹಾಗೆ ಹುಡುಕಿದರೆ ಅರ್ಧ ಪಟ್ಟಿಯೇ ಬರುತ್ತದೆ, ಅದು ಬೇರೆ ಮಾತು.

ನಲ್ ಅಂದ್ರೆ ಸೊನ್ನೆನಾ?

ಸೊನ್ನೆಯೂ ಅಲ್ಲ, ಖಾಲಿ ಅಕ್ಷರವೂ ಅಲ್ಲ. "ಗೊತ್ತಿಲ್ಲ" ಅಂತ. ನಾಲ್ಕು ಲಾಟ್ ಮಾಲು ಬಂದಿದೆ, ದರ 2,000, 2,200, 2,100, ನಾಲ್ಕನೆಯದು ಇನ್ನೂ ಹರಾಜಾಗಿಲ್ಲ. ಅಲ್ಲಿ ನಲ್ ಇಟ್ಟರೆ ಸರಾಸರಿ 2,100 ಬರುತ್ತದೆ. ಸೊನ್ನೆ ಇಟ್ಟರೆ 1,575. ರೈತರ ಮುಂದೆ ಆ ಅಂಕಿ ಹೇಳಿ ನೋಡಿ! ಎರಡು ನಲ್ ಒಂದಕ್ಕೊಂದು ಸಮ ಅಂತಲೂ ಆಗುವುದಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮ ಅಂತ ಹೇಗೆ ಹೇಳುವುದು? ಅದಕ್ಕೇ "ಈಸ್ ನಲ್" ಅಂತ ಬೇರೆಯಾಗಿ ಕೇಳಬೇಕು.

ಕನ್ನಡದಲ್ಲಿ ಹೆಸರು ಹಾಕಿದರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಯಾಕೆ?

ಟೇಬಲ್ ಮಾಡುವಾಗ ಅಕ್ಷರದ ಕ್ರಮ ಸರಿಯಾಗಿ ಆರಿಸಿಲ್ಲ. ಲ್ಯಾಟಿನ್1 ಅಂತ ಇದ್ದರೆ ಅದಕ್ಕೆ ಕನ್ನಡದ ಪರಿಚಯವೇ ಇಲ್ಲ, ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಇಟ್ಟು ಕೈ ತೊಳೆದುಕೊಳ್ಳುತ್ತದೆ. ಒಮ್ಮೆ ಹಾಗೆ ಕೂತ ಮೇಲೆ ಮೂಲ ಹೆಸರು ವಾಪಸ್ ಬರುವುದಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಯುಟಿಎಫ್8ಎಂಬಿ4 ಆರಿಸಿ. 8.0ರಿಂದ ಈಚೆಗೆ ಅದೇ ತಾನಾಗಿ ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತ 3 ಬೈಟ್ ತಿನ್ನುತ್ತದೆ. "ಕಿ" ಅಂದರೆ ಕ ಒಂದು, ಗುಡಿಸು ಒಂದು, ಒಟ್ಟು 6 ಬೈಟ್. ಹೆಸರಿನ ಕಾಲಂಗೆ ಜಾಗ ಕೊಡುವಾಗ ಕೈ ಬಿಗಿ ಮಾಡಬೇಡಿ.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಅಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಇಷ್ಟಾದ ಮೇಲೂ "ಚನ್ನಗಿರಿ" ಬೇರೆ, "ಚೆನ್ನಗಿರಿ" ಬೇರೆ ಅಂತಲೇ ಕಂಪ್ಯೂಟರ್ ತಿಳಿಯುತ್ತದೆ. ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎನ್ ಆದಮೇಲೆ ಎ ಹಾಕಿ ಬರೆಯುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಊರಿನ ಹೆಸರು ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸಲು ಕೊಡಿ.

ಯಾವ ಡಿಬಿಎಂಎಸ್ ಕಲಿಯಲಿ?

ಕಾಲೇಜು ಲ್ಯಾಬಿನಲ್ಲಿ ಯಾವುದಿದೆಯೋ ಅದರಿಂದ ಶುರು ಮಾಡಿ. ಒಂದು ಬಂದರೆ ಇನ್ನೊಂದು ವಾರದಲ್ಲಿ ಬರುತ್ತದೆ. ಮನೆಯಲ್ಲಿ ಹಾಕಿಕೊಳ್ಳಲು ನನ್ನ ಓಟು ಪೋಸ್ಟ್‌ಗ್ರೆಸ್‌ಗೆ. ಪುಕ್ಕಟೆ ಸಿಗುತ್ತದೆ, ನಿಯಮದ ವಿಷಯದಲ್ಲಿ ಕಟ್ಟುನಿಟ್ಟು. ಮೈಎಸ್‌ಕ್ಯುಎಲ್ ಕೂಡ ಒಳ್ಳೆಯದೇ. 1995ರಲ್ಲಿ ಬಂದ ಅದಕ್ಕೆ ಮಾಂಟಿ ವಿಡೇನಿಯಸ್ ತಮ್ಮ ಮಗಳು ಮೈ ಹೆಸರಿಟ್ಟರು. ಅದು ಒರಾಕಲ್ ಕೈಗೆ ಹೋಗುವ ಹೊತ್ತಿಗೆ ಅದರದೇ ಕವಲೊಡೆಸಿ ಮಾರಿಯಾಡಿಬಿ ಮಾಡಿದರು. ಮಾರಿಯಾ ಇನ್ನೊಬ್ಬ ಮಗಳು.

ಲ್ಯಾಪ್‌ಟಾಪ್ ಹಳೆಯದಾ? ಎಸ್‌ಕ್ಯುಲೈಟ್ ಹಾಕಿಕೊಳ್ಳಿ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ರಿಚರ್ಡ್ ಹಿಪ್ 2000ದಲ್ಲಿ ಮಾಡಿದ ಇದು ಈಗ ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ನಿಮ್ಮ ಜೇಬಿನಲ್ಲಿ ಈಗಲೇ ಒಂದಿಷ್ಟು ಡೇಟಾಬೇಸ್ ಓಡುತ್ತಿವೆ.

ಮೊಂಗೊಡಿಬಿ ಬಂದ ಮೇಲೆ ಇದೆಲ್ಲ ಹಳೇದಲ್ವಾ?

ಅಲ್ಲ. ಪ್ರತಿ ದಾಖಲೆಯ ಆಕಾರ ಬೇರೆ ಬೇರೆ ಇದ್ದಾಗ, ಡೇಟಾವನ್ನು ಹತ್ತಾರು ಯಂತ್ರಗಳಿಗೆ ಹಂಚಬೇಕಾದಾಗ ಮೊಂಗೊಡಿಬಿಯಂಥ ನೋಎಸ್‌ಕ್ಯುಎಲ್, ಅಂದ್ರೆ ಟೇಬಲ್ ಬಿಟ್ಟು ಬೇರೆ ರೀತಿ ಡೇಟಾ ಇಡುವ ಡಿಬಿಎಂಎಸ್, ಅನುಕೂಲ. ಲೆಕ್ಕಪತ್ರಕ್ಕೆ ಟೇಬಲ್ಲೇ ಸರಿ.

ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ?

ಎಷ್ಟು ದಿನದ ಕೆಲಸ ಮತ್ತೆ ಮಾಡಲು ನಿಮಗೆ ಬೇಜಾರಿಲ್ಲವೋ ಅಷ್ಟು ದಿನಕ್ಕೊಮ್ಮೆ. ಅದೇ ಡಿಸ್ಕಿನಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ. ವಾಪಸ್ ತಂದು ನೋಡದೆ ಇದ್ದದ್ದೂ ಅಲ್ಲ.

ಪ್ರಾಕ್ಟೀಸ್‌ಗೆ ಏನು ಮಾಡಲಿ?

ಲೈಬ್ರರಿ ಮ್ಯಾನೇಜ್‌ಮೆಂಟ್ ಬೇಡ, ಅದನ್ನು ಎಲ್ಲರೂ ಎಲ್ಲರಿಂದ ಕಾಪಿ ಹೊಡೆದಿದ್ದಾರೆ. ಒಂದು ಬೆಣ್ಣೆ ದೋಸೆ ಹೋಟೆಲಿಗೆ ಡೇಟಾಬೇಸ್ ಮಾಡಿ. ಬೆಳಿಗ್ಗೆ ಎಂಟಕ್ಕೆ ಹೋಗಿ ಕೂತು, ಸಪ್ಲೈಯರ್ ಕೂಗುವುದನ್ನು ಕೇಳಿಸಿಕೊಳ್ಳಿ: "ಮೂರನೇ ಟೇಬಲ್, ಒಂದು ಬೆಣ್ಣೆ, ಎರಡು ಖಾಲಿ, ಅದರಲ್ಲಿ ಒಂದು ಪಾರ್ಸೆಲ್, ಒಂದಕ್ಕೆ ಬೆಣ್ಣೆ ಜಾಸ್ತಿ." ಇಷ್ಟನ್ನು ಯಾವ ಮಾಹಿತಿಯೂ ಎರಡು ಸಲ ಬರೆಯದ ಹಾಗೆ ಟೇಬಲ್ಲುಗಳಿಗೆ ಹಂಚಬೇಕು. ದೋಸೆಯ ರೇಟು ಮುಂದಿನ ತಿಂಗಳು ಏರುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ, ಹಳೆ ಬಿಲ್ ಕೆಡಬಾರದು. "ಬೆಣ್ಣೆ ಜಾಸ್ತಿ" ಅನ್ನುವುದು ದೋಸೆಯ ಕಾಲಮ್ಮಾ, ಬಿಲ್ಲಿನ ಕಾಲಮ್ಮಾ, ಇಲ್ಲಾ ಬಿಲ್ಲಿನ ಒಂದು ಸಾಲಿನ ಕಾಲಮ್ಮಾ ಅಂತ ಬರೆದುಕೊಂಡು ಬನ್ನಿ. ಸೋಮವಾರ ನೋಡೋಣ.